ಹಾಜರಿ ಪುಸ್ತಕ ಮಾಲೀಕರ ಬಳಿ, ಸಾಬೀತಿನ ಹೊಣೆ ಕಾರ್ಮಿಕನದು

ಸಂಪಾದಕರಿಗೆ,

ಮಾನ್ಯರೇ,

ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಬಹುಕಾಲ ಹಾಜರಿ ಬರೆದು ನಿವೃತ್ತನಾದವನು ನಾನು. ಕೆಲಸ ಕಳೆದುಕೊಂಡ ಪರಿಚಯಸ್ಥರು ಪರಿಹಾರಕ್ಕಾಗಿ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತುವ ಮುನ್ನ ನನ್ನ ಬಳಿ ಬಂದು ಕಾಗದಪತ್ರ ತೋರಿಸುವುದುಂಟು. ಮೊನ್ನೆ ಬಂದ ಯುವಕನ ಬಳಿ ಇದ್ದದ್ದು ರವೆ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದ ಹನ್ನೊಂದು ಸಂಬಳದ ಕವರುಗಳು. ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಮೊತ್ತ ಬರೆದಿತ್ತು, ಕಂಪನಿಯ ಹೆಸರಾಗಲಿ ಸೀಲಾಗಲಿ ಇರಲಿಲ್ಲ.

ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಒಂದು ತಿಂಗಳ ನೋಟಿಸು ಇಲ್ಲವೇ ಅದರ ಬದಲಿಗೆ ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡದೆ ಹೊರಹಾಕುವಂತಿಲ್ಲವೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳಿತ್ತು. ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ 240ರ ಲೆಕ್ಕ ಉಳಿದಿದೆ. ಸಂಬಳ ಸಹಿತ ಭಾನುವಾರ, ರಜಾದಿನಗಳೂ ಇದರಲ್ಲಿ ಸೇರುತ್ತವೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಇದು ಗೊತ್ತಿಲ್ಲದೆ ತಮ್ಮ ದಿನಗಳನ್ನು ತಾವೇ ಕಡಿಮೆ ಎಣಿಸಿಕೊಂಡವರನ್ನು ನಾನು ಕಂಡಿದ್ದೇನೆ.

ತೊಡಕಿರುವುದು ಸಾಬೀತಿನಲ್ಲಿ. 240 ದಿನ ದುಡಿದದ್ದನ್ನು ಕಾರ್ಮಿಕನೇ ತೋರಿಸಬೇಕು, ಅದಕ್ಕೆ ಅವನ ಪ್ರಮಾಣಪತ್ರವೊಂದೇ (ಅಫಿಡವಿಟ್) ಸಾಲದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ಆದರೆ ದಿನಗೂಲಿಯವನ ಕೈಗೆ ನೇಮಕಾತಿ ಆದೇಶವೂ ವೇತನ ಚೀಟಿಯೂ ಸಿಗುವುದು ಅಪರೂಪವೆಂಬುದನ್ನು ಅದೇ ಕೋರ್ಟಿನ 2005ರ ಮತ್ತೊಂದು ತೀರ್ಪು ಒಪ್ಪಿಕೊಂಡು, ಮಸ್ಟರ್ ರೋಲನ್ನೂ (ಹಾಜರಿ ಪಟ್ಟಿ) ವೇತನ ರಿಜಿಸ್ಟರನ್ನೂ ಹಾಜರುಪಡಿಸುವಂತೆ ಮಾಲೀಕರನ್ನು ಕೇಳುವ ದಾರಿಯನ್ನು ತೋರಿಸಿತು. ಅದಕ್ಕೆ ಕಾರ್ಮಿಕನ ಕಡೆಯಿಂದ ಲಿಖಿತ ಅರ್ಜಿ ಬೀಳಬೇಕು. ಆ ಅರ್ಜಿ ಹಾಕದೆ ಸೋತ ಕೇಸುಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ಅಂಥ ಪುಸ್ತಕಗಳನ್ನು ಬರೆದು ಬೀರುವಿನಲ್ಲಿಡುತ್ತಿದ್ದ ಕೈ ನನ್ನದೇ.

ಹಿಂಬಾಕಿ ವೇತನದ, ಅಂದರೆ ಕೆಲಸದಿಂದ ಹೊರಗಿದ್ದ ಅವಧಿಯ ಸಂಬಳದ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2013ರ ತೀರ್ಪು ಇನ್ನಷ್ಟು ಉಪಯುಕ್ತ. ಕೆಲಸ ಹೋದ ಮೇಲೆ ತನಗೆ ಬೇರೆ ಸಂಪಾದನೆ ಇರಲಿಲ್ಲ, ಅಥವಾ ಮೊದಲಿಗಿಂತ ಕಡಿಮೆ ಇತ್ತು ಎಂದು ಕಾರ್ಮಿಕ ಮೊದಲು ಹೇಳಿಕೊಳ್ಳಬೇಕು. ಹೇಳಿದ ಮೇಲೆ, ಇತ್ತು ಎಂದು ತೋರಿಸುವ ಹೊಣೆ ಮಾಲೀಕರದು. ನಡುವೆ ನಾಲ್ಕು ತಿಂಗಳು ಆಟೋ ಓಡಿಸಿದ್ದನ್ನು ಮುಚ್ಚಿಟ್ಟು ಪಾಟಿ ಸವಾಲಿನಲ್ಲಿ ಸಿಕ್ಕಿಬೀಳುವುದಕ್ಕಿಂತ, ಬಂದ ದುಡ್ಡಿನ ಲೆಕ್ಕವನ್ನು ತಾನೇ ಮುಂದಿಡುವುದು ಲೇಸು.

ವೇತನ ಚೀಟಿ ಕೊಡುವುದು ಮಾಲೀಕರ ಕರ್ತವ್ಯ. ಕಾರ್ಮಿಕ ಇಲಾಖೆಯ ನಿರೀಕ್ಷಕರು ಹೆಬ್ಬಾಳು, ಹೂಟಗಳ್ಳಿ, ನಂಜನಗೂಡಿನ ಕಾರ್ಖಾನೆಗಳಿಗೆ ಹೋದಾಗ ಆಫೀಸಿನ ರಿಜಿಸ್ಟರು ನೋಡಿ ಹಿಂತಿರುಗದೆ, ಗೇಟಿನಲ್ಲಿ ನಿಂತು ನಾಲ್ಕು ಜನರ ಬಳಿ ಕಳೆದ ತಿಂಗಳ ಚೀಟಿ ಕೇಳಿ ನೋಡಲಿ. ಆ ಯುವಕನ ಪಿಎಫ್ ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ತೆಗೆಸಿ ನೋಡಿದೆವು: ಮೂವರು ಗುತ್ತಿಗೆದಾರರ ಹೆಸರಿದ್ದವು, ಯುಎಎನ್ (ಮಾಲೀಕರು ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಒಂದೇ, ನಡುವೆ ಒಂದು ತಿಂಗಳೂ ಖಾಲಿ ಇರಲಿಲ್ಲ. ಅದರ ಪ್ರತಿಯನ್ನು ಈಗ ಕವರುಗಳ ಜೊತೆ ಅದೇ ಡಬ್ಬಿಯಲ್ಲಿಟ್ಟಿದ್ದಾನೆ.

ಇತಿ,
ಒಬ್ಬ ನಿವೃತ್ತ ಟೈಮ್ ಕೀಪರ್,
ಮೇಟಗಳ್ಳಿ, ಮೈಸೂರು