ಟ್ರಾಲಿಯ ಜೊತೆಗೆ ಅದನ್ನು ತಳ್ಳಿದವರನ್ನೂ ಉಳಿಸಿ: ನೈಋತ್ಯ ರೈಲ್ವೆಯ ಪ್ರಧಾನ ವ್ಯವಸ್ಥಾಪಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ನಮಸ್ಕಾರ. ನಾನು ಟ್ರಾಲಿಮನ್ ಒಬ್ಬರ ಮಗಳು. ಸಕಲೇಶಪುರದ ಘಟ್ಟದಲ್ಲಿ ಮೀಟರ್‌ಗೇಜ್ ಹಳಿ ಇದ್ದ ಕಾಲದಲ್ಲಿ ನಮ್ಮ ತಂದೆ, ಹಳಿಯ ಉಸ್ತುವಾರಿ ನೋಡುವ ಪಿ.ಡಬ್ಲ್ಯು.ಐ. ಸಾಹೇಬರು ತಪಾಸಣೆಗೆ ಕುಳಿತು ಹೋಗುವ ಪುಶ್ ಟ್ರಾಲಿ ತಳ್ಳುತ್ತಿದ್ದರು. ಈಗ ಅವರಿಗೆ 75 ವರ್ಷ. ಮೈಸೂರಿನ ರೈಲು ವಸ್ತುಸಂಗ್ರಹಾಲಯವೂ ಹುಬ್ಬಳ್ಳಿಯಲ್ಲಿ 2020ರಲ್ಲಿ ಆರಂಭವಾದ ಸಂಗ್ರಹಾಲಯವೂ ತಮ್ಮ ವಲಯಕ್ಕೆ ಸೇರಿದವು. ಹಾಗಾಗಿ ಈ ಮಾತನ್ನು ತಮ್ಮ ಬಳಿಯೇ ಹೇಳಬೇಕೆನಿಸಿತು. ಬಹಿರಂಗವಾಗಿ ಬರೆಯುತ್ತಿರುವುದು ಏಕೆಂದರೆ, ಅರಸೀಕೆರೆ, ಬೀರೂರು, ಹುಬ್ಬಳ್ಳಿ, ಕ್ಯಾಸಲ್‌ರಾಕ್‌ಗಳಲ್ಲಿ ನಮ್ಮಂಥ ಮನೆಗಳು ಇನ್ನೂ ಇವೆ. ಅವರೂ ಇದನ್ನು ಓದಲಿ ಎಂದು ನನ್ನ ಆಸೆ.

ಹೋದ ವರ್ಷ ದಸರಾ ರಜೆಯಲ್ಲಿ ಅಪ್ಪನನ್ನು ಮೈಸೂರಿನ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅದು ಆರಂಭವಾದದ್ದು 1979ರಲ್ಲಿ. ನಮ್ಮ ಘಟ್ಟದ ಹಳಿಯ ಮೇಲೆ ರೈಲು ಓಡಲು ತೊಡಗಿದ್ದೂ ಅದೇ ವರ್ಷ. ಮಹಾರಾಣಿಯವರ 1899ರ ಸಲೂನ್ ಬೋಗಿಯನ್ನು ಎಲ್ಲರಂತೆ ನಾವೂ ಕಣ್ತುಂಬ ನೋಡಿದೆವು. ಆದರೆ ಅಪ್ಪ ಹೆಚ್ಚು ಹೊತ್ತು ನಿಂತದ್ದು 1925ರ ಆಸ್ಟಿನ್ ರೈಲು ಮೋಟಾರು ಕಾರಿನ ಹತ್ತಿರ. ಪಕ್ಕದಲ್ಲಿದ್ದ ಸಣ್ಣ ಹುಡುಗನೊಬ್ಬ ತನ್ನ ತಾಯಿಯನ್ನು, ‘ರೈಲು ಎಂಜಿನ್ ಎಳೆಯದೆಯೇ ಗಾಡಿ ಹಳಿಯ ಮೇಲೆ ಹೋಗುತ್ತಿತ್ತಾ?’ ಎಂದು ಕೇಳಿದ. ತಾಯಿ ಉತ್ತರಕ್ಕೆ ತಡವರಿಸಿದರು. ಅಪ್ಪ ಚಪ್ಪಲಿ ಬಿಟ್ಟರು. ಅಲ್ಲೇ ಇದ್ದ ಹಳಿಯ ಮೇಲೆ ಎಡಗಾಲಿಟ್ಟು, ಮುಂದೆ ಟ್ರಾಲಿ ಇದೆಯೆಂಬಂತೆ ಎರಡೂ ಕೈ ಚಾಚಿ, ಸೊಂಟದಿಂದ ಮುಂದಕ್ಕೆ ಬಾಗಿ ಆರೇಳು ಹೆಜ್ಜೆ ಓಡಿದರು. ಮಂಡಿನೋವಿಗೆ ಮೆಟ್ಟಿಲು ಹತ್ತಲಾರದ ಮನುಷ್ಯ ಅಂಗೈ ಅಗಲವೂ ಇಲ್ಲದ ಹಳಿಯ ಮೇಲೆ ಒಮ್ಮೆಯೂ ತಪ್ಪಲಿಲ್ಲ. ಎಂಜಿನ್ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದವರೆಲ್ಲ ತಿರುಗಿ ಇತ್ತ ನೋಡಿದರು. ಈ ಪತ್ರ ಬರೆಯಬೇಕೆಂದು ನಾನು ನಿಶ್ಚಯಿಸಿದ್ದು ಆ ಕ್ಷಣದಲ್ಲಿ.

ತಮಗೆ ಇದು ತಿಳಿಯದ್ದಲ್ಲ, ಓದುವ ಉಳಿದವರಿಗಾಗಿ ಹೇಳುತ್ತಿದ್ದೇನೆ. ಟ್ರಾಲಿ ಎಂದರೇನು ಎಂಬುದಕ್ಕೆ ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿ ಒಂದು ವ್ಯಾಖ್ಯೆ ಇದೆ. ನಾಲ್ಕು ಜನ ಸೇರಿ ಇಡಿಯಾಗಿ ಎತ್ತಿ ಹಳಿಯಿಂದ ಕೆಳಗಿಳಿಸಬಹುದಾದ ಗಾಡಿ ಟ್ರಾಲಿ. ಅದಕ್ಕಿಂತ ಭಾರವಾದದ್ದು ಲಾರಿ. ಕಿಲೋ ಲೆಕ್ಕವಿಲ್ಲ, ನಾಲ್ವರ ತೋಳೇ ತಕ್ಕಡಿ. ಇಷ್ಟು ದೊಡ್ಡ ಸಂಸ್ಥೆಯ ನಿಯಮದ ಪುಸ್ತಕದಲ್ಲಿ ಕೆಲಸಗಾರರ ದೇಹವೇ ಅಳತೆಗೋಲಾಗಿರುವುದು ನನಗೆ ಬಹಳ ಗೌರವದ ಸಂಗತಿಯಾಗಿ ಕಾಣುತ್ತದೆ. ಆ ನಾಲ್ವರಲ್ಲಿ ಒಬ್ಬರು ನಮ್ಮ ತಂದೆ.

ನಾಲ್ಕು ಚಕ್ರ, ಮೇಲೊಂದು ಮರದ ಚೌಕಟ್ಟು, ಸಾಹೇಬರಿಗೆ ಒಂದು ಬೆಂಚು, ಕೈ ಬ್ರೇಕು, ಬಿಸಿಲಿಗೂ ಮಳೆಗೂ ಒಂದು ಕೊಡೆ, ಕೋಲಿಗೆ ಕಟ್ಟಿದ ಕೆಂಪು ಬಾವುಟ. ನಾಲ್ವರಲ್ಲಿ ಇಬ್ಬರು ಒಂದೊಂದು ಹಳಿಯ ಮೇಲೆ ಓಡುತ್ತಾ ತಳ್ಳಬೇಕು, ವೇಗ ಬಂದ ಮೇಲೆ ಹಾರಿ ಕುಳಿತುಕೊಳ್ಳಬೇಕು, ವೇಗ ತಗ್ಗಿದರೆ ಮತ್ತೆ ಇಳಿದು ಓಡಬೇಕು. ಸಾಹೇಬರ ಕಣ್ಣು ಹಳಿಯ ಮೇಲೆ, ಜಲ್ಲಿಯ ಮೇಲೆ, ಸ್ಲೀಪರಿನ ಮೇಲೆ. ನಾಲ್ವರು ಟ್ರಾಲಿಮನ್‌ಗಳ ಕಣ್ಣು, ಕಿವಿ ಎರಡೂ ಹಿಂದೆ ಮುಂದೆ ಬರಬಹುದಾದ ರೈಲಿನ ಮೇಲೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗಗಳು, 100ಕ್ಕೂ ಹೆಚ್ಚು ಸೇತುವೆಗಳು. 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ರೈಲಿನಲ್ಲಿ ಕುಳಿತವರಿಗೆ ಆ ಏರು ಗೊತ್ತೇ ಆಗುವುದಿಲ್ಲ. ತಳ್ಳಿದವರ ತೊಡೆಗೆ ಗೊತ್ತು. ದೋಣಿಗಲ್, ಕಡಗರವಳ್ಳಿ, ಯಡಕುಮರಿ, ಸಿರಿಬಾಗಿಲು ಎಂಬ ಹೆಸರುಗಳನ್ನು ಅಪ್ಪ ಹೇಳುವುದು ಊರಿನ ಹೆಸರು ಹೇಳುವ ಹಾಗಲ್ಲ, ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬಹುದು ಎಂಬ ಲೆಕ್ಕದಲ್ಲಿ. ತಿರುವಿನಲ್ಲಿ, ಸುರಂಗದ ಬಾಯಲ್ಲಿ ಬಾವುಟ ಹಿಡಿದು ಒಬ್ಬರು ಮುಂದೆ, ಒಬ್ಬರು ಹಿಂದೆ. ಉದ್ದದ ಸೇತುವೆಗಳ ಪಕ್ಕದಲ್ಲಿ ಅಲ್ಲಲ್ಲಿ ಸಣ್ಣ ಅಟ್ಟಣೆ ಚಾಚಿಕೊಂಡಿರುವುದನ್ನು ಪ್ರಯಾಣಿಕರು ನೋಡಿರಬಹುದು. ರೈಲು ಬಂದರೆ ಟ್ರಾಲಿಯನ್ನು ಎತ್ತಿ ಇಟ್ಟುಕೊಳ್ಳುವ ಜಾಗ ಅದು. ‘ಐಲೇಸಾ’ ಎಂದು ಒಂದೇ ಉಸಿರಿಗೆ ಎತ್ತಿ, ಆ ಅಟ್ಟಣೆಯ ಮೇಲೆ ಟ್ರಾಲಿಯನ್ನು ಅವುಚಿ ಹಿಡಿದು, ಕೆಳಗೆ ಕಣಿವೆ, ಮೂಗಿನ ಮುಂದೆ ಬೋಗಿ ಎಂಬಂತೆ ನಿಂತಿರುತ್ತಿದ್ದೆವು ಎಂದು ಅಪ್ಪ ಹೇಳುತ್ತಾರೆ.

ಮಳೆಗಾಲದಲ್ಲಿ ಮನೆಗೆ ಬಂದರೆ ಅಮ್ಮ ಮೊದಲು ನೋಡುತ್ತಿದ್ದುದು ಅವರ ಕಾಲನ್ನು, ಇಂಬಳ ಕಚ್ಚಿದೆಯೇ ಎಂದು. ಶೂ ಹಾಕಿದರೆ ಹಳಿ ಸಿಗುವುದಿಲ್ಲ ಎಂದು ಅಪ್ಪ ಬರಿಗಾಲಲ್ಲೇ ಓಡುತ್ತಿದ್ದರು. ಅಂಗಾಲಿನಲ್ಲಿ ಹಳಿಯ ಅಗಲಕ್ಕೆ ಸರಿಯಾಗಿ ಒಂದು ಪಟ್ಟೆ, ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿತ್ತು. ಬೇಸಿಗೆಯಲ್ಲಿ ಅದು ಸೀಳುತ್ತಿತ್ತು. ರಾತ್ರಿ ಅಮ್ಮ ಹರಳೆಣ್ಣೆ ಬಿಸಿ ಮಾಡಿ ಅಲ್ಲಿಗೆ ಹಚ್ಚುತ್ತಿದ್ದರೆ ನಾನು ದೀಪ ಹಿಡಿದು ಕುಳಿತಿರುತ್ತಿದ್ದೆ. ಆ ಪಟ್ಟೆ ಇವತ್ತಿಗೂ ಪೂರ್ತಿ ಮಾಸಿಲ್ಲ.

1996ರಲ್ಲಿ ಗೇಜ್ ಬದಲಾವಣೆಗಾಗಿ ಘಟ್ಟದ ಹಳಿ ಮುಚ್ಚಿತು. ಅಪ್ಪನಿಗೆ ಬ್ರಾಡ್‌ಗೇಜ್ ಸೆಕ್ಷನ್ನಿಗೆ ವರ್ಗವಾಯಿತು. ಎರಡು ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್ ಇದ್ದದ್ದು 1,676 ಆಯಿತು. ಕಾಗದದ ಮೇಲೆ ಅದೊಂದು ಸಣ್ಣ ಅಂಕಿ. ಆದರೆ ಗಾಡಿ ಅಗಲವಾಯಿತು, ಭಾರವಾಯಿತು, ಪಕ್ಕದ ಹಳಿಯವನು ದೂರವಾದ, ಮೈ ಬಾಗುವ ಕೋನವೇ ಬದಲಾಯಿತು. ನಲವತ್ತು ದಾಟಿದ ಮೇಲೆ ಓಡುವುದನ್ನು ಮತ್ತೆ ಹೊಸದಾಗಿ ಕಲಿತೆ ಎಂದು ಅವರು ಹೇಳುವಾಗ ಅದರಲ್ಲಿ ದೂರು ಇರುವುದಿಲ್ಲ, ಕಸುಬು ಗೊತ್ತಿದ್ದವರ ಹೆಮ್ಮೆ ಇರುತ್ತದೆ.

ಇನ್ನೊಂದು ಸಂಗತಿ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಟ್ರ್ಯಾಕ್ ಸರ್ಕ್ಯೂಟ್ ಇರುವ ಕಡೆ ಎರಡೂ ಹಳಿಗಳಲ್ಲಿ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ರೈಲಿನ ಚಕ್ರ ಮತ್ತು ಅಚ್ಚು ಆ ಎರಡು ಹಳಿಗಳನ್ನು ಬೆಸೆದಾಗ ‘ಇಲ್ಲಿ ರೈಲಿದೆ’ ಎಂಬುದು ಸಿಗ್ನಲ್ಲಿಗೆ ತಿಳಿಯುತ್ತದೆ. ಟ್ರಾಲಿ ಹೀಗೆ ಸಿಗ್ನಲ್ಲನ್ನು ಕೆಡಿಸಬಾರದೆಂದು ಅದರ ಚಕ್ರಗಳಿಗೆ ವಿದ್ಯುತ್ ಹಾಯದಂತೆ ನಿರೋಧಕ ಕೂರಿಸಿರುತ್ತಾರೆ. ಅಂದರೆ ಟ್ರಾಲಿ ಸಿಗ್ನಲ್ಲಿನ ಕಣ್ಣಿಗೆ ಕಾಣುವುದೇ ಇಲ್ಲ. ಐದು ಜನರನ್ನು ಹೊತ್ತ ಗಾಡಿ ಹಳಿಯ ಮೇಲಿದ್ದರೂ ಸಿಗ್ನಲ್ಲಿನ ಪಾಲಿಗೆ ಆ ದಾರಿ ಖಾಲಿ. ಹಾಗಾಗಿಯೇ ಟ್ರಾಲಿಮನ್‌ನ ಕಿವಿಗೆ ಅಷ್ಟು ಬೆಲೆ. ಗಾಳಿ ಯಾವ ಕಡೆಯಿಂದ ಬೀಸಿದರೆ ಎಂಜಿನ್ನಿನ ಸದ್ದು ತಡವಾಗಿ ಕೇಳುತ್ತದೆ, ಜಲಪಾತದ ಪಕ್ಕದಲ್ಲಿ ಸದ್ದನ್ನು ನಂಬಬಾರದೇಕೆ, ಮಂಜಿನಲ್ಲಿ ಹಳಿಯನ್ನು ಮುಟ್ಟಿ ನೋಡುವುದು ಹೇಗೆ ಎಂಬುದೆಲ್ಲ ಅವರಿಗೆ ಮೈಗತವಾಗಿತ್ತು. ಅಪ್ಪ ಅದನ್ನು ತಮ್ಮ ಹಿರಿಯ ಟ್ರಾಲಿಮನ್‌ರಿಂದ ಕಲಿತರು. ಅವರಿಂದ ಕಲಿಯುವವರು ಈಗ ಯಾರೂ ಇಲ್ಲ.

ಹಳಿಯ ಮೇಲಿನ ಈ ಪುಟ್ಟ ಗಾಡಿಗಳ ಕುಲ ನಮ್ಮ ಘಟ್ಟಕ್ಕಿಂತ ಬಹಳ ದೊಡ್ಡದು. ಜರ್ಮನಿಯ ಬಾಡೆನ್ ಸಂಸ್ಥಾನದಲ್ಲಿ ಅರಣ್ಯಾಧಿಕಾರಿಯಾಗಿದ್ದ ಕಾರ್ಲ್ ಡ್ರೈಸ್ 1817ರ ಜೂನ್ 12ರಂದು ಮ್ಯಾನ್‌ಹೈಮ್ ನಗರದಿಂದ ಎರಡು ಚಕ್ರದ ಮರದ ಗಾಡಿಯೊಂದರ ಮೇಲೆ ಹೊರಟರು. ಅದಕ್ಕೆ ಪೆಡಲ್ ಇರಲಿಲ್ಲ, ನೆಲವನ್ನು ಕಾಲಿನಿಂದ ಒದ್ದು ಮುಂದೆ ಸಾಗಬೇಕಿತ್ತು. ಸೈಕಲ್ಲಿನ ಪೂರ್ವಜ ಎಂದು ಅದನ್ನು ಕರೆಯುತ್ತಾರೆ. ಡ್ರೈಸ್ 1851ರಲ್ಲಿ ಬಡತನದಲ್ಲಿ ತೀರಿಕೊಂಡರು. ಆದರೆ ಹಳಿಯ ಮೇಲೆ ಓಡುವ ಸಣ್ಣ ತಪಾಸಣೆ ಗಾಡಿಗೆ ಜರ್ಮನರೂ ಫ್ರೆಂಚರೂ ಇಂದಿಗೂ ‘ಡ್ರೈಸೀನ್’ ಎಂದೇ ಅನ್ನುತ್ತಾರೆ. ಕಾಲಿನಿಂದ ಒದ್ದು ಓಡಿದ ಒಬ್ಬ ಮನುಷ್ಯನ ಹೆಸರು ಇನ್ನೂರು ವರ್ಷ ಉಳಿದಿದೆ ಎಂದು ಅಪ್ಪನಿಗೆ ಓದಿ ಹೇಳಿದಾಗ ಅವರು ಮತ್ತೊಮ್ಮೆ ಓದಿಸಿಕೊಂಡರು.

ಅಮೆರಿಕದಲ್ಲಿ ಹಳಿ ದುರಸ್ತಿಯ ಗ್ಯಾಂಗಿನವರು ಬೋರ್‌ವೆಲ್ ಪಂಪಿನ ಹಾಗೆ ಹಿಡಿಕೆಯನ್ನು ಮೇಲೆ ಕೆಳಗೆ ಒತ್ತಿ ಗಾಡಿ ಓಡಿಸುತ್ತಿದ್ದರು. ಮಿಚಿಗನ್ ರಾಜ್ಯದ ಥ್ರೀ ರಿವರ್ಸ್ ಊರಿನ ಜಾರ್ಜ್ ಶೆಫೀಲ್ಡ್ ಒಬ್ಬನೇ ಓಡಿಸಬಹುದಾದ ಮೂರು ಚಕ್ರದ ಗಾಡಿಗೆ 1879ರಲ್ಲಿ ಪೇಟೆಂಟ್ ಪಡೆದರು. ಎರಡು ಚಕ್ರ ಒಂದು ಹಳಿಯ ಮೇಲೆ, ಪಕ್ಕಕ್ಕೆ ಚಾಚಿದ ಮೂರನೆಯದು ಇನ್ನೊಂದರ ಮೇಲೆ. ಮುಂದೆ ಪೆಟ್ರೋಲ್ ಎಂಜಿನ್ ಬಂತು, ಆಮೇಲೆ ರಸ್ತೆಯಲ್ಲೂ ಹಳಿಯಲ್ಲೂ ಓಡುವ ಟ್ರಕ್ಕುಗಳು ಬಂದವು. ಕಾಂಬೋಡಿಯಾದ ಬಟಂಬಾಂಗ್ ಪ್ರಾಂತ್ಯದಲ್ಲಿ ಯುದ್ಧದಿಂದ ಹಾಳಾದ ರೈಲು ದಾರಿಯ ಮೇಲೆ ಹಳ್ಳಿಯವರೇ ಬಿದಿರಿನ ಹಲಗೆಯ ಗಾಡಿ ಕಟ್ಟಿ, ಸಣ್ಣ ಎಂಜಿನ್ ಕೂರಿಸಿ ವರ್ಷಗಟ್ಟಲೆ ಜನರನ್ನೂ ಭತ್ತವನ್ನೂ ಸಾಗಿಸಿದರು. ಅದನ್ನು ‘ನೋರಿ’ ಎನ್ನುತ್ತಾರೆ. ಎದುರೆದುರು ಎರಡು ನೋರಿ ಬಂದರೆ ಕಡಿಮೆ ಹೊರೆ ಇರುವವರು ತಮ್ಮದನ್ನು ಬಿಚ್ಚಿ ಪಕ್ಕಕ್ಕಿಟ್ಟು ದಾರಿ ಬಿಡಬೇಕಿತ್ತು. ನಮ್ಮ ‘ಐಲೇಸಾ’ವೇ ಅಲ್ಲವೇ ಅದು?

ಟ್ರಾಲಿಯ ದೂರದ ನೆಂಟನನ್ನು ನಮ್ಮ ರಾಜ್ಯದ ಸಾಮಾನ್ಯ ಜನರೂ ಹತ್ತಿದ್ದಾರೆ. ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ದಾರಿಯಲ್ಲಿ, ಬಂಗಾರಪೇಟೆ–ಕೋಲಾರದ ನಡುವೆ ಓಡಿದ ರೈಲು ಬಸ್ಸನ್ನು ನೆನೆಯುವವರು ಈಗಲೂ ಸಿಗುತ್ತಾರೆ.

ಕಾಲ ಬದಲಾಗಬಾರದೆಂದು ನಾನು ಕೇಳುತ್ತಿಲ್ಲ. ಹಳಿಯ ಸ್ಥಿತಿಯನ್ನು ಅಳೆಯುವ ಬೋಗಿಗಳು, ಯಂತ್ರಗಳು ಬಂದಿವೆ; ಬರಬೇಕು. ಬರಿಗಾಲಿನಲ್ಲಿ ಕಾದ ಹಳಿಯ ಮೇಲೆ ಇನ್ನೊಬ್ಬರ ತಂದೆ ಓಡಲಿ ಎಂದು ನಾನೆಂದೂ ಬಯಸುವುದಿಲ್ಲ. ಆದರೂ ಹಳಿಯ ಒಳಗಿನ ಬಿರುಕನ್ನು ಶ್ರವಣಾತೀತ ತರಂಗದಿಂದ (ಅಲ್ಟ್ರಾಸೌಂಡ್) ಹುಡುಕುವ ಸಣ್ಣ ಗಾಡಿಯನ್ನು ಈಗಲೂ ಕೈಯಲ್ಲಿ ತಳ್ಳಿಕೊಂಡು ನಡೆಯುತ್ತಾರೆ. ಮೊನ್ನೆ ಲೆವೆಲ್ ಕ್ರಾಸಿಂಗಿನಲ್ಲಿ ಅಂಥದೊಂದನ್ನು ಕಂಡು ಅಪ್ಪ ಆಟೊ ನಿಲ್ಲಿಸಿದರು. ಅದು ಕಣ್ಮರೆಯಾಗುವವರೆಗೂ ಅಲ್ಲಿಂದ ಕದಲಲಿಲ್ಲ.

ನನ್ನ ಕೋರಿಕೆ ಇಷ್ಟು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಎರಡು ನೂರು ಮೀಟರ್ ಹಳಿಯನ್ನು ಟ್ರಾಲಿಗಾಗಿ ಮೀಸಲಿಡಿ. ವಾರಕ್ಕೊಂದು ದಿನ ಅಲ್ಲಿ ಟ್ರಾಲಿ ಓಡಲಿ. ಗಾಜಿನ ಹಿಂದೆ ನಿಲ್ಲಿಸಿ ಪಕ್ಕದಲ್ಲೊಂದು ಫಲಕ ಹಾಕಿದರೆ ಜನರಿಗೆ ನಾಲ್ಕು ಚಕ್ರ ಮತ್ತು ಒಂದು ಬೆಂಚು ಕಾಣುತ್ತದೆ, ಟ್ರಾಲಿ ಕಾಣುವುದಿಲ್ಲ. ನಿವೃತ್ತ ಟ್ರಾಲಿಮನ್‌ಗಳನ್ನು ಗೌರವಧನ ಕೊಟ್ಟು ಕರೆಸಿ. ಅವರಿಗೆ ಓಡಲಾಗದಿದ್ದರೆ ಬೇಡ, ಓಡುವ ಯುವಕರಿಗೆ ಹೇಳಿಕೊಡಲಿ. ಎತ್ತುವಾಗ ಯಾರು ಎಲ್ಲಿ ಹಿಡಿಯಬೇಕು ಎಂದು ತೋರಿಸಲಿ. ಶಾಲೆಯ ಮಕ್ಕಳು ನಾಲ್ವರು ಸೇರಿ ಒಮ್ಮೆ ಎತ್ತಿ ನೋಡಲಿ.

ಅದಕ್ಕಿಂತ ತುರ್ತಾದದ್ದು ಇನ್ನೊಂದಿದೆ. ಮೀಟರ್‌ಗೇಜ್ ಕಾಲದ ಟ್ರಾಲಿಮನ್, ಹಳಿಯ ಕೀಲಿಗಳನ್ನು ನೋಡಿಕೊಳ್ಳುವ ಕೀಮನ್, ಹಳಿ ದುರಸ್ತಿಯ ಗ್ಯಾಂಗ್‌ಮನ್‌ಗಳ ಮಾತನ್ನು ಅವರದೇ ದನಿಯಲ್ಲಿ, ಕನ್ನಡದಲ್ಲಿ, ತಮಿಳು, ತೆಲುಗು, ಕೊಂಕಣಿ ಆಡುವವರಿದ್ದರೆ ಆ ನುಡಿಗಳಲ್ಲಿಯೂ ಧ್ವನಿಮುದ್ರಿಸಿ ಇಡಿಸಿ. ಅಪ್ಪನ ಜೊತೆ ತಳ್ಳಿದ ಮೂವರಲ್ಲಿ ಇಬ್ಬರು ಹೋದರು. ಮೂರನೆಯವರಿಗೆ ಕಿವಿ ಕೇಳಿಸುವುದಿಲ್ಲ. ಪಿಂಚಣಿ ದಾಖಲೆಗಳಲ್ಲಿ ಇಂಥವರ ವಿಳಾಸಗಳಿವೆ. ಒಂದು ಕ್ಯಾಮೆರಾ, ಕೇಳುವ ಮನಸ್ಸಿರುವ ಇಬ್ಬರು ಸಿಬ್ಬಂದಿ ಸಾಕು. ಮತ್ತು ಬಳಕೆ ತಪ್ಪಿದ ಪುಶ್ ಟ್ರಾಲಿ, ಮೋಟಾರು ಟ್ರಾಲಿಗಳು ಗುಜರಿಯ ಲೆಕ್ಕಕ್ಕೆ ಸೇರುವ ಮುನ್ನ ಒಂದೊಂದು ಬಗೆಯದನ್ನು ಎತ್ತಿಡಲು ವಿಭಾಗಗಳಿಗೆ ತಾವು ಒಂದು ಮಾತು ಹೇಳಿದರೆ ಅದು ಆಗುತ್ತದೆ.

ಸಂಗ್ರಹಾಲಯದಲ್ಲಿ ಟ್ರಾಲಿ ಓಡಿಸುವುದಾದರೆ ಬರುತ್ತೀರಾ ಎಂದು ಅಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಒಂದೇ ಷರತ್ತು ಹಾಕಿದರು: ಹಳಿ ಕಾಯುವುದಕ್ಕೆ ಮೊದಲು, ಬೆಳಿಗ್ಗೆ ಎಂಟು ಗಂಟೆಯೊಳಗೆ ಇಟ್ಟುಕೊಳ್ಳಬೇಕಂತೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಟ್ರಾಲಿಮನ್ ಒಬ್ಬರ ಮಗಳು
ಸಕಲೇಶಪುರ