ಶನಿವಾರ ರಾತ್ರಿ ಊಟಕ್ಕೆ ಗೋವಾ ಚೊರಿಸ್

ಎಲ್ಲರ ಗಮನಕ್ಕೆ. ಮಡಗಾಂವ್‌ನಿಂದ ಬಂದ ಚೊರಿಸ್ (ಖಾರದ ಸಾಸೇಜ್) ಸರ ಫ್ರಿಜ್ಜಿನಲ್ಲಿದೆ. ಶನಿವಾರ ಅಡುಗೆ ಪಾಳಿಯವರು ಅದನ್ನೇ ಮಾಡಿ, ಒಂದೇ ಪಾತ್ರೆ ಸಾಕು. ಇದು ಹಂದಿ ಮಾಂಸದ್ದು, ತಿನ್ನದವರು ಶುಕ್ರವಾರದೊಳಗೆ ಇಲ್ಲೇ ಹೇಳಿಬಿಡಿ, ಅವರಿಗೆ ಮೊಟ್ಟೆ ಸಾರು.

ದಾರ ಬಿಚ್ಚಿ, ಮೇಲಿನ ಸಿಪ್ಪೆ ಸುಲಿದು, ತುಂಡುಗಳನ್ನು ಅರ್ಧ ಲೋಟ ನೀರಿನ ಜೊತೆ ದಪ್ಪ ತಳದ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿಡಿ. ಎಣ್ಣೆ ಹಾಕಲೇಬೇಡಿ! ನೀರು ಆರುತ್ತಾ ಬಂದಂತೆ ಅದರದೇ ಕೊಬ್ಬು ಕೆಂಪಗೆ ಬಿಟ್ಟುಕೊಳ್ಳುತ್ತೆ, ಈರುಳ್ಳಿ ಅದರಲ್ಲೇ ಬಾಡಲಿ. ಈರುಳ್ಳಿ ಧಾರಾಳವಾಗಿರಲಿ, ಖಾರ ತಗ್ಗಿಸೋದು ಅದೇ. ಆಮೇಲೆ ಆಲೂಗಡ್ಡೆ, ಬೀನ್ಸ್, ಮುಳುಗುವಷ್ಟು ನೀರು, ಮೇಲೊಂದು ಮುಚ್ಚಳ. ಚೊರಿಸ್ ಒಳಗೆ ವಿನೆಗರ್ ಇರೋದರಿಂದ ಆಲೂಗಡ್ಡೆ ಬೇಗ ಮೆತ್ತಗಾಗಲ್ಲ, ಹಾಗಾಗಿ ಸಣ್ಣಗೆ ಹೆಚ್ಚಿ. ಟೊಮೆಟೊ ಬೇಡ, ಹುಳಿ ಈಗಾಗಲೇ ಇದೆ. ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ ಎಲ್ಲ ಮಾಂಸದಲ್ಲೇ ಸೇರಿದೆ. ಕೊನೆಗೆ ರುಚಿ ನೋಡದೆ ಉಪ್ಪಿನ ಡಬ್ಬಿ ಮುಟ್ಟಬೇಡಿ. ಚೊರಿಸ್ ಹಸಿ ಮಾಂಸವೇ, ಪೂರ್ತಿ ಬೇಯಬೇಕು. ಮುಚ್ಚಿಟ್ಟು 30 ನಿಮಿಷ ಅಂದುಕೊಳ್ಳಿ.

ಪಾವ್ ತರೋರು ಯಾರು?