ಮೂರು ಮಷೀನಿನ ಸಾಲಕ್ಕೆ ಸಹಿ ಹಾಕುವ ಮುಂಚೆ

ಉದ್ಯಮಬಾಗ, ಬೆಳಗಾವಿ

ಚಿ. ಪ್ರವೀಣನಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಕೊಟೇಶನ್ ನೋಡಿದೆ. ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಎರಡು ವಿಎಂಸಿ, ಲೋಹ ತಿರುಗಿಸಿ ಕಡೆಯುವ ಒಂದು ಸಿಎನ್‌ಸಿ ಟರ್ನಿಂಗ್ ಸೆಂಟರ್, ಎಲ್ಲ ಸೇರಿ 1 ಕೋಟಿ ಸಾಲ. ಬ್ಯಾಂಕಿನವರೇ ಬೆನ್ನು ಬಿದ್ದಿದ್ದಾರಂತೆ, ನಿಮ್ಮವ್ವ ಹೇಳಿದಳು. ಫೋನಿನಲ್ಲಿ ಈ ಮಾತು ಮುಗಿಯುವುದಿಲ್ಲ. ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಆತು ಮಾಮಾ, ಆತು" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕೂತು ಓದು.

ಕೆಲಸ ಇದೆ, ಸುಳ್ಳಲ್ಲ. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಸಣ್ಣ ಕಾರು, ಟ್ರಕ್ಕು, 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಟ್ರ್ಯಾಕ್ಟರಿನದು 12ರಿಂದ 5ಕ್ಕೆ. ಆಮೇಲೆ ಗಾಡಿಗಳ ಪಾರ್ಟು ಮಾಡುವ ನಮ್ಮ ಶೆಡ್ಡುಗಳಲ್ಲಿ ರಾತ್ರಿ ಪಾಳಿಯ ದೀಪ ಮತ್ತೆ ಹತ್ತಿದ್ದು ನಾನೂ ನೋಡುತ್ತಿದ್ದೇನೆ. ಆಪರೇಟರ್ ಬೇಕು ಅಂತ ಗೇಟಿಗೆ ಬೋರ್ಡ್ ಹಾಕಿದರೂ ಹುಡುಗರು ಸಿಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಮಷೀನ್ ತರಬೇಡ ಅಂತ ಹೇಳಿದರೆ ನಾನು ಮುದುಕ ಆದೆ ಅಂತಲೇ ಅರ್ಥ. ಮಷೀನ್ ತಾ. ಆದರೆ ಮೂರು ತರಬೇಡ, ಅದೂ ಒಂದೇ ಕಂಪನಿಯ ಆರ್ಡರ್ ನಂಬಿ.

2018ರಲ್ಲಿ ನೀನು ಇನ್ನೂ ಕಾಲೇಜಿನಲ್ಲಿದ್ದೆ. ಆಗಲೂ ಹೀಗೇ ಇತ್ತು. 2018–19ರಲ್ಲಿ ದೇಶದಲ್ಲಿ ಲಾರಿ, ಬಸ್ಸು, ಟೆಂಪೊ ಎಲ್ಲ ಸೇರಿ 10 ಲಕ್ಷ ಗಾಡಿ ಮಾರಿಹೋದವು. ಎರಡೇ ವರ್ಷದಲ್ಲಿ ಅದು 5 ಲಕ್ಷ 68 ಸಾವಿರಕ್ಕೆ ಬಂತು. ಎಲ್ಲರೂ ಕೊರೊನಾ ಕೊರೊನಾ ಅಂತಾರೆ. ಕೊರೊನಾ ಬರುವುದಕ್ಕೂ ಮೊದಲೇ ಇಲ್ಲಿ ಎಷ್ಟೋ ಶೆಡ್ಡುಗಳಲ್ಲಿ ವಾರಕ್ಕೆ ಎರಡು ದಿನ ಕೆಲಸ ಬಂದ್ ಇತ್ತು.

ಕಾರಣ ಕೇಳಿದರೆ ನಿನಗೆ ನಗು ಬರುತ್ತದೆ. ಜುಲೈ 2018ರಲ್ಲಿ ಸರ್ಕಾರ ಲಾರಿಯ ಆಕ್ಸಲ್ ಮೇಲೆ ಹೇರುವ ಭಾರದ ಮಿತಿಯನ್ನು ಶೇ. 20–25ರಷ್ಟು ಏರಿಸಿತು. ಲಾರಿ ಮಾಲೀಕರಿಗೆ ಒಳ್ಳೆಯದೇ ಆಯಿತು. ನಾಲ್ಕು ಲಾರಿ ಇದ್ದವನಿಗೆ ರಾತ್ರಿ ಬೆಳಗಾಗುವುದರೊಳಗೆ ಐದು ಲಾರಿಯ ಕೆಲಸ ಸಿಕ್ಕಿತು. ಮತ್ತೆ ಅವನು ಹೊಸ ಲಾರಿ ಯಾಕೆ ತಗೊಳ್ತಾನೆ? ಸೆಪ್ಟೆಂಬರಿನಲ್ಲಿ ದೊಡ್ಡ ಫೈನಾನ್ಸ್ ಕಂಪನಿ ಐಎಲ್ ಅಂಡ್ ಎಫ್‌ಎಸ್ ಸಾಲ ಕಟ್ಟಲಾರದೆ ಕೈ ಎತ್ತಿತು. ಅದರ ಹಿಂದೆಯೇ ಗಾಡಿ ಸಾಲ ಕೊಡುವ ಫೈನಾನ್ಸ್ ಕಂಪನಿಗಳಿಗೆ ರೊಕ್ಕ ಹುಟ್ಟುವುದು ಕಷ್ಟ ಆಯಿತು. ಅದೇ ತಿಂಗಳಿಂದ ಹೊಸ ಕಾರಿಗೆ 3 ವರ್ಷ, ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು ಅಂತಾಯಿತು. ಮೇಲೆ 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ, ಸುಪ್ರೀಂ ಕೋರ್ಟ್ ಬೇರೆ ಹಳೆಯ ಬಿಎಸ್-4 ಗಾಡಿ ಮಾರಾಟಕ್ಕೆ ಗಡುವು ಹಾಕಿತ್ತು. 2019ರ ಆಗಸ್ಟ್‌ನಲ್ಲಿ ಕಾರು ಮಾರಾಟ ಹಿಂದಿನ ವರ್ಷಕ್ಕಿಂತ ಶೇ. 31ಕ್ಕೂ ಜಾಸ್ತಿ ಬಿತ್ತು. ಹೊಸ ಹುಡುಗರು ಕಾರು ಕೊಳ್ಳದೆ ಓಲಾ, ಊಬರ್ ಹತ್ತುತ್ತಾರೆ ಅನ್ನುವುದೂ ಒಂದು ಕಾರಣ ಅಂತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ್ದರು. ಇಲ್ಲಿ ಚಹಾದಂಗಡಿಯಲ್ಲಿ ನಾವು ಭಾಳ ನಕ್ಕೆವು. ಕಬ್ಬು, ಸಿಮೆಂಟು ಯಾವ ಓಲಾ ಹತ್ತುತ್ತವೆ?

ಇದರಲ್ಲಿ ಒಂದಾದರೂ ಮಷೀನ್ ಶಾಪಿನವನ ಕೈಯಲ್ಲಿ ಇತ್ತಾ? ಇಲ್ಲ. ನಾನು ಹೇಳುವುದೂ ಅಷ್ಟೇ. ಆರ್ಡರ್ ನಿಲ್ಲುವಾಗ ನಿನ್ನನ್ನು ಕೇಳಿ ನಿಲ್ಲುವುದಿಲ್ಲ.

ನಮ್ಮ ಲೈನಿನಲ್ಲೇ ಒಬ್ಬರು 2018ರ ಬೇಸಿಗೆಯಲ್ಲಿ ನಿನ್ನ ಹಾಗೇ ಸಾಲ ಮಾಡಿ ಮಷೀನ್ ತಂದರು. ಪೂಜೆಗೆ ನಾನೂ ಹೋಗಿ ಕುಂದಾ ತಿಂದು ಬಂದಿದ್ದೆ. ಲಾರಿಯ ಬ್ರೇಕ್ ಡ್ರಮ್ ಅವರ ಕೆಲಸ, ಮಾಲೆಲ್ಲ ಒಂದೇ ಕಂಪನಿಗೆ. ಮುಂದಿನ ವರ್ಷ ಕಂಪನಿ ಕೇಳುವ ಮಾಲಿನ ಶೆಡ್ಯೂಲ್ ಅರ್ಧ ಆಯಿತು, ಆಮೇಲೆ ಕಾಲು. ಘಟಪ್ರಭಾ, ಮಲಪ್ರಭಾ ಊರೊಳಗೆ ನುಗ್ಗಿದ ಆ ಆಗಸ್ಟ್ ಮಳೆ ನಿನಗೂ ನೆನಪಿದೆ. ಆ ಮಳೆಗೆ ಅವರ ಅಂಗಳದಲ್ಲಿ ಒಟ್ಟಿದ್ದ ಡ್ರಮ್ಮುಗಳು ತಾಡಪತ್ರಿ ಹೊದಿಸಿದ್ದರೂ ನೆನೆದವು. ಬೋರಿಂಗ್ ಆದ ಒಳಮೈ ಕೆಂಪಗೆ ತುಕ್ಕು ಹಿಡಿದಿತ್ತು. ಇಬ್ಬರು ಹುಡುಗರು ಕೆಳಗೆ ಕೂತು ಎಮರಿ ಪೇಪರಿನಿಂದ ತಿಕ್ಕುತ್ತಿದ್ದರು, ಇನ್ನೊಬ್ಬ ಬ್ರಶ್ಶಿನಿಂದ ಎಣ್ಣೆ ಬಳಿಯುತ್ತಿದ್ದ. ತಿಕ್ಕಿ ಬಳಿದು ಒಳಗಿಟ್ಟರು, ಒಯ್ಯುವ ಗಾಡಿ ಮಾತ್ರ ಬರಲಿಲ್ಲ. ಕಂತು ತಪ್ಪದೆ ಕಟ್ ಆಗುತ್ತಿತ್ತು. ಹೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಡಿಮ್ಯಾಂಡ್ ಚಾರ್ಜ್ ಬರುತ್ತಿತ್ತು, ಮಷೀನ್ ಓಡಲಿ ಬಿಡಲಿ. ಕೊನೆಗೆ ಆ ಮಷೀನನ್ನು ಕೊಲ್ಲಾಪುರದವರೊಬ್ಬರು ಅರ್ಧಕ್ಕಿಂತ ಕಮ್ಮಿ ರೇಟಿಗೆ ಒಯ್ದರು. ಕೆಲಸ ಬಾರದವರು ಅಂತ ತಿಳಿಯಬೇಡ. ಅವರ ರಿಜೆಕ್ಷನ್ ನಮಗಿಂತ ಕಮ್ಮಿ ಇತ್ತು.

2020ರ ಏಪ್ರಿಲ್‌ನಲ್ಲಂತೂ ಮಾರುತಿಯಂಥ ಕಂಪನಿ ದೇಶದೊಳಗೆ ಒಂದು ಕಾರನ್ನೂ ಮಾರಲಿಲ್ಲ. ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಆರು ತಿಂಗಳು ಅವಕಾಶ ಕೊಟ್ಟಿತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಮರುವರ್ಷ ಗಿರಾಕಿ ಬಂದರೆ ಕಾರಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್ ಇಲ್ಲ. ಕಾರು ಕಂಪನಿ ನಿಂತರೆ ಬೀಡಿನ ಕಾಸ್ಟಿಂಗ್ ಮಾಡುವವನೂ ನಿಲ್ಲಬೇಕು, ಅವನ ಮಾಲಿಗೂ ಚಿಪ್ಪಿಗೂ ಏನೂ ಸಂಬಂಧ ಇಲ್ಲದಿದ್ದರೂ.

ಆಮೇಲೆ ಎದ್ದಿತು, ಚೆನ್ನಾಗಿಯೇ ಎದ್ದಿತು. 2020–21ರಲ್ಲಿ 27 ಲಕ್ಷ ಇದ್ದ ಕಾರುಗಳ ಮಾರಾಟ 2023–24ಕ್ಕೆ 42 ಲಕ್ಷ ದಾಟಿತು. 2022ರಲ್ಲಿ ನಮ್ಮ ದೇಶ ಜಪಾನನ್ನು ಹಿಂದೆ ಹಾಕಿ ವಾಹನ ಮಾರಾಟದಲ್ಲಿ ಮೂರನೇ ಜಾಗಕ್ಕೆ ಬಂತು. ಪೇಪರಿನಲ್ಲಿ ಇದನ್ನು ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಚೇತರಿಸಿಕೊಂಡ ಲೆಕ್ಕದಲ್ಲಿ ನಡುವೆ ಮುಚ್ಚಿಹೋದ ಶೆಡ್ಡುಗಳು ಕಾಣುವುದಿಲ್ಲ, ಅಲ್ವಾ? ಫೋರ್ಡ್ ಉದಾಹರಣೆಯನ್ನೇ ತಗೋ. 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ಮಾಡುವುದು ಸಾಕು ಅಂದರು. ಗುಜರಾತಿನ ಸಾನಂದದ ಪ್ಲಾಂಟ್ 2023ರಲ್ಲಿ ಟಾಟಾದವರ ಕೈಗೆ ಬಂತು. ಪ್ಲಾಂಟಿಗೆ ಹೊಸ ಮಾಲೀಕ ಸಿಕ್ಕ. ಫೋರ್ಡಿನ ಪಾರ್ಟಿಗಂತಲೇ ಸಾಲ ಮಾಡಿ, ಅದನ್ನು ಮಷೀನಿನಲ್ಲಿ ಹಿಡಿದಿಡುವ ಫಿಕ್ಸ್ಚರ್ ಮಾಡಿಸಿಕೊಂಡ ಸಣ್ಣವನು ಅದನ್ನು ಗುಜರಿಗೇ ಹಾಕಬೇಕು.

ಈಗ ನಿನ್ನ ಲೆಕ್ಕಕ್ಕೆ ಬರೋಣ. 1 ಕೋಟಿಗೆ ಶೇ. 10 ಬಡ್ಡಿ, 7 ವರ್ಷ ಹಿಡಿದರೆ ತಿಂಗಳ ಕಂತು ಸುಮಾರು 1 ಲಕ್ಷ 66 ಸಾವಿರ. ನಿನ್ನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಮೂರೂ ಮಷೀನ್ ಎರಡು ಪಾಳಿ, 7 ವರ್ಷವೂ ಓಡುತ್ತವೆ. ಸಿಎ ಹಾಗೆ ಬರೆಯುತ್ತಾರೆ, ಬ್ಯಾಂಕಿಗೆ ಹಾಗೇ ಬೇಕು. ನೀನು ಅದನ್ನು ನಂಬಬೇಡ. ಒಂದು ವಿಎಂಸಿ ತಗೋ. ಅದನ್ನು ಒಂದೇ ಪಾಳಿ ಓಡಿಸಿದರೂ ಕಂತು ಹುಟ್ಟುತ್ತದಾ ನೋಡು. ಹುಟ್ಟಿದರೆ ಕಣ್ಣುಮುಚ್ಚಿ ಸಹಿ ಹಾಕು. ಮಿಕ್ಕ ಕೆಲಸ ಸದ್ಯಕ್ಕೆ ಹೊರಗೆ ಜಾಬ್ ವರ್ಕಿಗೆ ಕೊಡು. ಮಾರ್ಜಿನ್ ಕಮ್ಮಿ ಸಿಗುತ್ತದೆ, ಸಿಗಲಿ. ಆರು ತಿಂಗಳ ಕಂತು, ಹುಡುಗರ ಪಗಾರ ಎರಡನ್ನೂ ಬೇರೆ ಎಫ್‌ಡಿಯಲ್ಲಿ ಇಡು. ಅದನ್ನು ತಂಗಿಯ ಮದುವೆಗೂ ಮುರಿಯಬೇಡ, ನಿಮ್ಮವ್ವ ಕೇಳಿದರೆ ನನ್ನ ಹೆಸರು ಹೇಳು.

ಇನ್ನು ನಿನ್ನ ಪಾರ್ಟು. ಡ್ರಾಯಿಂಗ್ ನೋಡಿದೆ, ಫ್ಲೈವೀಲ್ ಹೌಸಿಂಗ್, ಎಂಜಿನ್ನಿನ ಫ್ಲೈವೀಲ್ ಚಕ್ರದ ಕವಚ. ಚೆನ್ನಾದ ಕೆಲಸ, ಡೋವೆಲ್ ಹೋಲಿನ ಟಾಲರೆನ್ಸ್ ನೋಡಿದರೆ ನಿನ್ನ ಕೈಗೆ ತಕ್ಕದ್ದೇ. ಆದರೆ ಅದು ಎಂಜಿನ್ನಿನ ಜೊತೆ ಹುಟ್ಟಿದ್ದು, ಬರೀ ಬ್ಯಾಟರಿ ಗಾಡಿಗೆ ಅದು ಬೇಡ. ಬ್ಯಾಟರಿ ಗಾಡಿಗೂ ಬ್ರೇಕು, ಆಕ್ಸಲ್, ಸಸ್ಪೆನ್ಷನ್ ಬ್ರಾಕೆಟ್ ಬೇಕೇ ಬೇಕು. ಲಾರಿ, ಟ್ರ್ಯಾಕ್ಟರಿನ ಎಂಜಿನ್ ನಾಳೆಯೇ ಹೋಗುವುದಿಲ್ಲ, ಅದಕ್ಕೆ ಹೆದರುವುದು ಬೇಡ. ಆದರೂ ಹೊಸ ಮಷೀನಿನಲ್ಲಿ ಎಂಜಿನ್ ಬಿಟ್ಟು ಬೇರೆ ಪಾರ್ಟೂ ಕೂರುವಂತೆ ಟೇಬಲ್ ಸೈಜ್ ನೋಡಿಕೋ. ಪಂಪು, ವಾಲ್ವ್ ಮಾಡುವವರು ನಮ್ಮೂರಲ್ಲೇ ಇದ್ದಾರೆ. ಅವರದು ಸಣ್ಣ ಲಾಟು, ಕಿರಿಕಿರಿ ಜಾಸ್ತಿ. ಆ 2019ರಲ್ಲಿ ನಮ್ಮ ಶಾಪಿನ ಬಾಗಿಲು ತೆರೆದಿಟ್ಟದ್ದು ಪಂಪಿನ ಕೆಲಸವೇ. ಒಂದು ಕಂಪನಿಯ ಮಾಲು ನಿನ್ನ ಒಟ್ಟು ಬಿಲ್ಲಿನ ಅರ್ಧ ದಾಟದಂತೆ ನೋಡಿಕೋ. ಪರ್ಚೇಸ್ ಮ್ಯಾನೇಜರ್ ಸಿಟ್ಟಾದರೂ ಪರವಾಗಿಲ್ಲ.

ನಿನ್ನ ಹತ್ತಿರ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದೆ. ಇನ್‌ವಾಯ್ಸ್ ಮೇಲೆ ಆ ನಂಬರ್ ಹಾಕುತ್ತೀಯೋ ಇಲ್ಲವೋ? ಹಾಕು. ನಮ್ಮಂಥ ಸಣ್ಣ ತಯಾರಕರ ಬಾಕಿಯನ್ನು 45 ದಿನದೊಳಗೆ ಕೊಡದಿದ್ದರೆ, ಕೊಟ್ಟ ವರ್ಷದವರೆಗೂ ಕಂಪನಿ ಅದನ್ನು ಖರ್ಚಿನಲ್ಲಿ ತೋರಿಸುವಂತಿಲ್ಲ. ಆದಾಯ ತೆರಿಗೆಯ ಈ ನಿಯಮ ಬಂದ ಮೇಲೆ ಮಾರ್ಚ್‌ನಲ್ಲಿ ಅಕೌಂಟ್ಸ್‌ನವರೇ ಫೋನ್ ಮಾಡುತ್ತಾರೆ, ನೋಡಿ ಮಜಾ ಬರುತ್ತದೆ.

ಬ್ಯಾಂಕಿನವರಿಗೆ ಸೋಮವಾರ ಬರುತ್ತೇನೆ ಅಂತ ಹೇಳಿಬಿಟ್ಟಿದ್ದೀಯಂತೆ. ಒಂದು ವಾರ ಮುಂದೂಡು. ಭಾನುವಾರ ಪ್ರಾಜೆಕ್ಟ್ ರಿಪೋರ್ಟ್, ಕಂಪನಿಯ ಪಿಓ (ಪರ್ಚೇಸ್ ಆರ್ಡರ್), ಹೋದ ವರ್ಷದ ಹೆಸ್ಕಾಂ ಬಿಲ್ಲು ತಗೊಂಡು ಮನೆಗೆ ಬಾ. ಒಂದು ಪಾಳಿಯ ಲೆಕ್ಕ ಇಬ್ಬರೂ ಕೂತು ಹಾಕೋಣ. ಪಿಓದಲ್ಲಿ ವರ್ಷಕ್ಕೆ ಇಷ್ಟು ಮಾಲು ಒಯ್ದೇ ಒಯ್ಯುತ್ತೇವೆ ಅಂತ ಬರೆದಿದ್ದಾರಾ, ಬರೀ ರೇಟ್ ಅಷ್ಟೇ ಇದೆಯಾ, ಬರುವ ಮುಂಚೆ ನೀನೇ ಒಮ್ಮೆ ಓದಿಕೊಂಡಿರು.

ನಿನ್ನ ಮಾಮಾ